ಮಾತಿನ ಧಾಟಿ ಕೇಳಿ ಮಗುವನ್ನು ಅಳೆಯುವ ಮೊದಲು

“ಮಾತಾಡ್ತ, ಆದ್ರೆ ಒಂದ್ ನಮನಿ ಮಾತಾಡ್ತ.” ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಕಡೆ ಆಟಿಸಂ (ಇತರರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಸ್ಥಿತಿ, ಸ್ವಲೀನತೆ) ಇರುವ ಮಗುವಿನ ಬಗ್ಗೆ ಹೀಗೆ ಹೇಳುವುದುಂಟು. ಘಟ್ಟ ಇಳಿದು ಕರಾವಳಿಗೆ ಬಂದರೆ ಕೊಂಕಣಿಯಲ್ಲೋ ನವಾಯತಿಯಲ್ಲೋ ಇದೇ ಮಾತು. ಪದಗಳು ಸರಿ ಇವೆ, ವಾಕ್ಯವೂ ಕೂಡಿದೆ. ಆದರೆ ಮಾತು ಪಾಠ ಒಪ್ಪಿಸಿದ ಹಾಗೆ ಒಂದೇ ಸಮ ಬರುತ್ತದೆ, ಇಲ್ಲವೇ ಬೇಡದ ಕಡೆ ರಾಗ ಎಳೆಯುತ್ತದೆ. ಮನೆಯಲ್ಲಿ ಇದು ಬರೀ ಕಳವಳ. ಶಾಲೆಗೆ ಹೋಗುವ ಹೊತ್ತಿಗೆ ಆರೋಪವಾಗುತ್ತದೆ: ಎದುರುತ್ತರ ಕೊಡುತ್ತಾನೆ, ಸೊಕ್ಕು ಜಾಸ್ತಿ, ಪಕ್ಕದವರು ಅತ್ತರೂ ಇವಳಿಗೆ ಏನೂ ಅನ್ನಿಸುವುದಿಲ್ಲ.

ದನಿ ಕೇಳಿ ಮನಸ್ಸನ್ನು ಹೀಗೆ ತೀರ್ಮಾನಿಸುವುದರಿಂದ ಆಗುವ ಗಾಯ ದೊಡ್ಡದು. ಆಟಿಸಂನಲ್ಲಿ ಮಾತಿನ ಧಾಟಿ ಬೇರೆಯಾಗಲು ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದನ್ನು ನಾವು ಗಮನಿಸುವುದೇ ಕಡಿಮೆ. ಮಾತಾಡುವ ಆ ಕ್ಷಣದಲ್ಲಿ ಮಗುವಿನ ತಲೆಯ ಮೇಲೆ ಒಟ್ಟಿಗೇ ಬಿದ್ದಿರುವ ಕೆಲಸಗಳ ಭಾರ ಅದು. ಧಾಟಿ ತಿದ್ದಲು ಹೊರಡುವ ಮೊದಲು ಆ ಭಾರವನ್ನು ನೋಡಬೇಕು ಎಂದು ನನ್ನ ನಂಬಿಕೆ. ಈಚಿನ ವರ್ಷಗಳ ಸಂಶೋಧನೆಯೂ ಬಹುಮಟ್ಟಿಗೆ ಆ ಕಡೆಗೇ ಬೆರಳು ತೋರಿಸುತ್ತಿದೆ.

ಮೊದಲು ಧಾಟಿ ಅಂದರೇನು ಎಂದು ನೋಡೋಣ. ಭಾಷಾವಿಜ್ಞಾನದಲ್ಲಿ ಪ್ರೊಸೊಡಿ ಎನ್ನುವುದು ದನಿಯ ಏರಿಳಿತ, ಗಟ್ಟಿತನ, ಅಕ್ಷರಗಳನ್ನು ಎಳೆಯುವ ಮೊಟಕುಗೊಳಿಸುವ ರೀತಿ, ವೇಗ, ನಡುವಿನ ನಿಲುಗಡೆ ಇವೆಲ್ಲ ಸೇರಿದ್ದು. “ಆಯ್ತು” ಎಂಬ ಒಂದೇ ಪದ ಒಪ್ಪಿಗೆಯೂ ಆಗಬಹುದು, ಸಿಟ್ಟೂ ಆಗಬಹುದು, “ಇನ್ನು ಸಾಕು ಮಾರಾಯ” ಎಂಬ ಬೇಸರವೂ ಆಗಬಹುದು. ಯಾವುದು ಎಂದು ತಿಳಿಸುವುದು ದನಿ ಮಾತ್ರ. ಕೇಳುವವರು ಅದನ್ನು ಕ್ಷಣಮಾತ್ರದಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಅಷ್ಟು ಸಲೀಸಾಗಿ ಆಗುವುದರಿಂದಲೇ ಅದರ ಹಿಂದೆ ಎಷ್ಟು ಕೆಲಸವಿದೆ ಎಂದು ತಿಳಿಯುವುದಿಲ್ಲ.

ಆಟಿಸಂ ಇರುವ ಮಕ್ಕಳ ದನಿಯ ಬಗ್ಗೆ ಬರಹ ಹೊಸದೇನಲ್ಲ. 1943ರಲ್ಲಿ ಲಿಯೋ ಕಾನರ್ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿದಾಗ, ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಬರೆದಾಗ, ಇಬ್ಬರೂ ಮಕ್ಕಳ ಮಾತಿನ ವಿಚಿತ್ರ ರೀತಿಯನ್ನು ಗುರುತಿಸಿದ್ದರು. ಅಲ್ಲಿಂದ ಮುಂದೆ “ಏರಿಳಿತವಿಲ್ಲದ ಯಂತ್ರದಂಥ ದನಿ” ಎಂಬ ಚಿತ್ರ ಜನರ ಮನಸ್ಸಿನಲ್ಲಿ ಗಟ್ಟಿಯಾಯಿತು. ಉಪಕರಣ ಹಿಡಿದು ಅಳೆದವರಿಗೆ ಮಾತ್ರ ಬೇರೆಯೇ ಕಂಡಿತು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳ ದನಿಯ ಏರಿಳಿತ ಉಳಿದ ಮಕ್ಕಳದ್ದಕ್ಕಿಂತ ಹೆಚ್ಚೇ ಇತ್ತು. ತಾಯಂದಿರು ಎಳೆಗೂಸಿನ ಜೊತೆ ಮಾತಾಡುವಾಗಿನ ಅತಿಯಾದ ರಾಗವನ್ನು ಅದು ಹೋಲುತ್ತಿತ್ತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ರಿಕಾರ್ಡೊ ಫುಸರೋಲಿ ಮತ್ತು ಸಂಗಡಿಗರು 2017ರಲ್ಲಿ ಮಾಡಿದ ವಿಶ್ಲೇಷಣೆಯಲ್ಲೂ ದನಿಯ ಎತ್ತರ ಮತ್ತು ಅದರ ಹರವಿನಲ್ಲಿ ಒಂದಿಷ್ಟು ವ್ಯತ್ಯಾಸ ಸಿಕ್ಕಿತೇ ಹೊರತು, ಇದೇ ಆಟಿಸಂನ ದನಿ ಎಂದು ಬೊಟ್ಟು ಮಾಡುವಂಥ ಗುರುತು ಸಿಗಲಿಲ್ಲ. ಕೆಲವು ಮಕ್ಕಳದ್ದು ಸಮತಟ್ಟು, ಕೆಲವರದ್ದು ಅತಿ ರಾಗ, ಕೆಲವರದ್ದು ಎಲ್ಲರ ಹಾಗೇ.

ಮಗುವಿನ ದನಿ ಮುದ್ರಿಸಿಕೊಂಡು ಕಂಪ್ಯೂಟರಿನಿಂದ ಆಟಿಸಂ ಪತ್ತೆ ಮಾಡುತ್ತೇವೆ ಎಂಬ ಭರವಸೆ ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ನಮ್ಮ ಜಿಲ್ಲೆಯ ತಂದೆತಾಯಿಗಳು ಇದರ ಬಗ್ಗೆ ಎಚ್ಚರದಿಂದಿರಬೇಕು. ಡೆನ್ಮಾರ್ಕ್ ಮತ್ತು ಅಮೆರಿಕದ ಮಕ್ಕಳ ದನಿಯ ಮೇಲೆ ಇಂಥ ಮಾದರಿಗಳನ್ನು ಪರೀಕ್ಷಿಸಿದಾಗ, ಒಂದು ಭಾಷೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದು ಭಾಷೆಗೆ ಹೋದಾಗ ಸೋತಿತು. 2022ರಲ್ಲಿ ಇಂಗ್ಲಿಷ್ ಮತ್ತು ಕ್ಯಾಂಟನೀಸ್ ಮಾತಾಡುವವರನ್ನು ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ ಮಾತಿನ ಲಯದ ವ್ಯತ್ಯಾಸ ಎರಡೂ ಭಾಷೆಗಳಲ್ಲಿ ಹಿಡಿಯಲು ಸಿಕ್ಕಿತು, ಏರಿಳಿತದ್ದು ಇಂಗ್ಲಿಷಿನಲ್ಲಿ ಮಾತ್ರ. ಹಾಗಿದ್ದ ಮೇಲೆ ಹೊನ್ನಾವರದ ಕನ್ನಡ, ಕಾರವಾರದ ಕೊಂಕಣಿ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮಾತು ಇವನ್ನೆಲ್ಲ ಯಾವ ಅಳತೆಗೋಲಿನಿಂದ ಅಳೆಯುವುದು?

ಪ್ರಶ್ನೆ ಯಂತ್ರದ್ದಷ್ಟೇ ಅಲ್ಲ, ಭಾಷೆಯದ್ದು. ಇಂಗ್ಲಿಷಿನಲ್ಲಿ ದನಿ ಮೇಲೇರಿಸಿದರೇ ಒಂದು ಹೇಳಿಕೆ ಪ್ರಶ್ನೆಯಾಗಬಲ್ಲದು. ಒಂದು ಪದವನ್ನು ಒತ್ತಿದರೆ ಅದೇ ಮುಖ್ಯ ಎಂದಾಗುತ್ತದೆ. ಧಾಟಿಯನ್ನು ಅಳೆಯಲು ಅಲ್ಲಿ ರೂಪಿಸಿದ ಪರೀಕ್ಷೆಗಳು ಇಂಥವನ್ನೇ ಕೇಳುತ್ತವೆ. ಕನ್ನಡದಲ್ಲಿ ಇದರ ಬಹುಪಾಲು ಕೆಲಸವನ್ನು ಪ್ರತ್ಯಯಗಳೇ ಮಾಡಿಬಿಡುತ್ತವೆ. “ಬಂದ” ಎನ್ನುವುದು “ಬಂದನಾ” ಆದರೆ ಪ್ರಶ್ನೆ. “ಅವಳು ತಂದಳು” ಎನ್ನುವುದು “ಅವಳೇ ತಂದಳು” ಆದರೆ ಒತ್ತು. ಯಾರೋ ಹೇಳಿದ್ದು ಎಂದು ತಿಳಿಸಲು “ಅಂತೆ” ಇದೆ. ಹೀಗಾಗಿ ಇಂಗ್ಲಿಷಿನ ಪರೀಕ್ಷೆಯಲ್ಲಿ ತಡವರಿಸುವಂಥ ಮಗು ಕನ್ನಡದಲ್ಲಿ ಸಲೀಸಾಗಿ ಪ್ರಶ್ನೆ ಕೇಳಬಹುದು. ಕನ್ನಡದಲ್ಲಿ ತೊಡಕು ಕಾಣುವುದು ಬೇರೆ ಕಡೆ. ತಮಾಷೆ, ಹುಸಿಮುನಿಸು, ಛೇಡಿಸುವಿಕೆ ಇಲ್ಲೆಲ್ಲ ಪ್ರತ್ಯಯ ನೆರವಿಗೆ ಬರುವುದಿಲ್ಲ, ದನಿಯೇ ಎಲ್ಲ. ಅನುವಾದ ಮಾಡಿದ ಪರೀಕ್ಷೆಯಿಂದ ನಮ್ಮ ಮಕ್ಕಳ ಕಷ್ಟ ಗೊತ್ತಾಗುವುದಿಲ್ಲ ಎನ್ನುವುದು ಇದಕ್ಕೇ.

ಇನ್ನು ತಲೆಯ ಮೇಲಿನ ಭಾರದ ವಿಷಯ. ಮನೋವಿಜ್ಞಾನಿಗಳು ಎಕ್ಸಿಕ್ಯೂಟಿವ್ ಫಂಕ್ಷನ್ ಎಂದು ಕರೆಯುವುದು ನಮ್ಮ ಯೋಚನೆ ಮತ್ತು ನಡವಳಿಕೆಯನ್ನು ನಾವೇ ನಡೆಸಿಕೊಂಡು ಹೋಗುವ ಸಾಮರ್ಥ್ಯವನ್ನು. ಅದರಲ್ಲಿ ಮೂರು ಎಳೆಗಳನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ: ಬೇಕಾದ ವಿಷಯವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಥಟ್ಟನೆ ಬರುವ ಪ್ರತಿಕ್ರಿಯೆಯನ್ನು ತಡೆಯುವುದು, ಸಂದರ್ಭ ಬದಲಾದಾಗ ಹಳೆಯ ನಿಯಮ ಬಿಟ್ಟು ಹೊಸದಕ್ಕೆ ಹೊರಳುವುದು. ಹೊರಳುವ ಶಕ್ತಿಯನ್ನು ಅಳೆಯಲು ಮಕ್ಕಳಿಗೆ ಕೊಡುವ ಒಂದು ಕಾರ್ಡಿನ ಆಟವಿದೆ. ಕೆಂಪು ಮೊಲ, ನೀಲಿ ದೋಣಿ ಇಂಥ ಚಿತ್ರಗಳನ್ನು ಮೊದಲು ಬಣ್ಣದ ಪ್ರಕಾರ ವಿಂಗಡಿಸಬೇಕು. ಆಮೇಲೆ, “ಈಗ ಬಣ್ಣ ಬೇಡ, ಆಕಾರ ನೋಡಿ ಇಡು” ಎನ್ನುತ್ತಾರೆ. ಮೂರು ವರ್ಷದ ಮಕ್ಕಳು ಹೆಚ್ಚಾಗಿ ಬಣ್ಣಕ್ಕೇ ಅಂಟಿಕೊಳ್ಳುತ್ತಾರೆ. ಹೊಸ ನಿಯಮ ಏನು ಎಂದು ಕೇಳಿದರೆ ಸರಿಯಾಗಿ ಬಾಯಲ್ಲಿ ಹೇಳುತ್ತಾರೆ, ಕೈ ಮಾತ್ರ ಹಳೆಯ ಜಾಗಕ್ಕೇ ಹೋಗುತ್ತದೆ. ಐದರ ಹೊತ್ತಿಗೆ ಬಹುತೇಕರು ಹೊರಳುವುದನ್ನು ಕಲಿತಿರುತ್ತಾರೆ. ಗೊತ್ತಿರುವುದು ಬೇರೆ, ಆ ಕ್ಷಣದಲ್ಲಿ ಅದರಂತೆ ಮಾಡಲು ಆಗುವುದು ಬೇರೆ ಎಂದು ಈ ಆಟ ಎದುರಿಗೇ ತೋರಿಸುತ್ತದೆ. “ಗೊತ್ತಿದ್ದೂ ಬೇಕಂತಲೇ ಮಾಡ್ತಾನೆ” ಎಂದು ಮಗುವಿಗೆ ಬೈಯುವ ಮೊದಲು ಇದನ್ನು ನೆನಪಿಸಿಕೊಂಡರೆ ಒಳ್ಳೆಯದು.

ಆಟಿಸಂ ಇರುವವರಲ್ಲಿ ಈ ಸಾಮರ್ಥ್ಯಗಳು ಸರಾಸರಿಯಲ್ಲಿ ತುಸು ಹಿಂದೆ ಇರುತ್ತವೆ. ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ನಡೆದ ವಿಶ್ಲೇಷಣೆ ಮಧ್ಯಮ ಪ್ರಮಾಣದ ವ್ಯತ್ಯಾಸವನ್ನು ಕಂಡಿತು. ಸರಾಸರಿ ಎನ್ನುವುದನ್ನು ಒತ್ತಿ ಹೇಳಬೇಕು. ಎಷ್ಟೋ ಮಕ್ಕಳಲ್ಲಿ ಈ ಕೊರತೆ ಇರುವುದೇ ಇಲ್ಲ. ಇನ್ನೂ ಒಂದು ಮಾತು: ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ದೊಡ್ಡವರ ಎದುರು ಕೂತು ಆಟ ಗೆದ್ದ ಮಗುವಿನ ಬಗ್ಗೆ ಮನೆಯವರನ್ನು ಕೇಳಿದರೆ, ದಿನನಿತ್ಯದ ಬದುಕಿನಲ್ಲಿ ಕಷ್ಟವಿದೆ ಎನ್ನುತ್ತಾರೆ. ಎರಡೂ ನಿಜ. ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ, ಬಿಸಿಯೂಟದ ಸಾಲಿನಲ್ಲಿ ಬೀಳುವ ಭಾರ ಆ ಕೋಣೆಯಲ್ಲಿ ಇರುವುದಿಲ್ಲವಲ್ಲ.

ಧಾಟಿ ಮತ್ತು ಈ ಭಾರ ಎಲ್ಲಿ ಕೂಡುತ್ತವೆ ಎನ್ನುವುದನ್ನು ನಮ್ಮ ಜಿಲ್ಲೆಯವರಿಗೆ ತಾಳಮದ್ದಲೆಯ ಮೂಲಕ ಹೇಳುವುದು ಸುಲಭ. ಅರ್ಥಧಾರಿ ಭಾಗವತರು ಹಾಡಿದ ಪದ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಎದುರಿನವರ ವಾದ ಮುಗಿಯುವ ತನಕ ತನ್ನ ನಾಲಿಗೆಯನ್ನು ತಡೆದುಕೊಳ್ಳಬೇಕು. ಅವರು ಅನಿರೀಕ್ಷಿತ ಪ್ರಶ್ನೆ ಎಸೆದರೆ ಸಿದ್ಧಮಾಡಿಕೊಂಡ ಮಾತನ್ನು ಬಿಟ್ಟು ಹೊರಳಬೇಕು. ಇದೆಲ್ಲ ನಡೆಯುತ್ತಿರುವಾಗಲೇ ದನಿ ವೀರಕ್ಕೆ ವೀರವಾಗಿ, ಕರುಣಕ್ಕೆ ಕರುಣವಾಗಿ ಬರಬೇಕು. ಹೊಸಬರು ವಾದದ ಪಟ್ಟಿಗೆ ಸಿಕ್ಕಿಬಿದ್ದಾಗ ಮೊದಲು ಕೈಕೊಡುವುದು ದನಿಯೇ; ವಿಷಯ ನೆನಪಾಗುತ್ತದೆ, ಭಾವ ಬರುವುದಿಲ್ಲ, ಮಾತು ಒಪ್ಪಿಸಿದಂತಾಗುತ್ತದೆ. ಯಾರೂ ಅವರನ್ನು ಭಾವನೆಯಿಲ್ಲದ ಮನುಷ್ಯ ಎನ್ನುವುದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸಾಮಾನ್ಯ ಮಾತುಕತೆಯೇ ಇಷ್ಟು ಭಾರದ್ದಾಗಿರಬಹುದು.

‘ಇರಬಹುದು’ ಎಂದೇ ಹೇಳಬೇಕು. ಮಾತಿನ ಧಾಟಿ ಮತ್ತು ಎಕ್ಸಿಕ್ಯೂಟಿವ್ ಫಂಕ್ಷನ್ ಎರಡನ್ನೂ ಅದೇ ಮಕ್ಕಳಲ್ಲಿ ಅಳೆದ ಅಧ್ಯಯನಗಳು ಕಡಿಮೆ, ಅವುಗಳಲ್ಲಿ ಮಕ್ಕಳ ಸಂಖ್ಯೆಯೂ ಚಿಕ್ಕದು. ಎರಡರ ನಡುವೆ ನಂಟು ಕಂಡರೂ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲಾಗದು. ಒಟ್ಟಾರೆ ಭಾಷೆಯ ಮಟ್ಟ ಕಡಿಮೆಯಿದ್ದರೆ ಎರಡೂ ಕುಗ್ಗಬಹುದು. ಗಂಟಲನ್ನು ಹಿಡಿತದಲ್ಲಿಡುವುದಕ್ಕೆ ಬೇಕಾದ ಸ್ನಾಯುಗಳ ಹೊಂದಾಣಿಕೆ, ಶಬ್ದವನ್ನು ಕೇಳಿಸಿಕೊಳ್ಳುವ ರೀತಿ ಇವೂ ಲೆಕ್ಕಕ್ಕೆ ಬರುತ್ತವೆ. ಶ್ರವಣ ಪರೀಕ್ಷೆ ಮಾಡಿಸದೇ ಧಾಟಿಯ ಬಗ್ಗೆ ಮಾತೇ ಎತ್ತಬಾರದು.

ಆದರೂ ಈ ಊಹೆಗೆ ಮನೆಯಲ್ಲೇ ನೋಡಬಹುದಾದ ಒಂದು ಪರಿಣಾಮವಿದೆ. ಭಾರ ಕಾರಣವಾಗಿದ್ದರೆ, ಭಾರ ಬದಲಾದಾಗ ಅದೇ ಮಗುವಿನ ದನಿಯೂ ಬದಲಾಗಬೇಕು. ಕುಮಟೆಯಲ್ಲಿ ಒಬ್ಬ ಎಂಟು ವರ್ಷದ ಹುಡುಗ ಇದ್ದಾನೆ ಎಂದು ಇಟ್ಟುಕೊಳ್ಳಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವಾಗ ಅವನ ದನಿಯಲ್ಲಿ ಉತ್ಸಾಹ ಕುಣಿಯುತ್ತದೆ. ಅದೇ ಹುಡುಗ ತರಗತಿಯಲ್ಲಿ “ನಿನ್ನೆ ರಜೆಯಲ್ಲಿ ಏನು ಮಾಡಿದೆ, ಎಲ್ಲರಿಗೂ ಹೇಳು” ಎಂದು ಅಕ್ಕೋರು ಕೇಳಿದಾಗ ಒಂದೇ ಸಮ, ಗೋಡೆ ನೋಡುತ್ತಾ ಹೇಳುತ್ತಾನೆ. ಎರಡನೆಯದರಲ್ಲಿ ಅವನು ನಿನ್ನೆಯದನ್ನು ನೆನಪಿಸಿಕೊಳ್ಳಬೇಕು, ಯಾವುದನ್ನು ಹೇಳುವುದು ಯಾವುದನ್ನು ಬಿಡುವುದು ಎಂದು ಆರಿಸಬೇಕು, ಮನೆಮಾತು ಬಿಟ್ಟು ಶಾಲೆಯ ಮಾತಿಗೆ ಬರಬೇಕು, ಅಕ್ಕೋರಿಗೆ ಬಹುವಚನ ಬಳಸಬೇಕು, ಮೂವತ್ತು ಕಣ್ಣುಗಳನ್ನು ಸಹಿಸಬೇಕು. ಇಷ್ಟಾದ ಮೇಲೆ ದನಿಗೆ ಏನು ಉಳಿದೀತು? ಅವನಿಗೆ “ಸರಿಯಾಗಿ ಮಾತಾಡು” ಎನ್ನುವುದು ಈಗಾಗಲೇ ಇರುವ ಕೆಲಸಗಳ ಮೇಲೆ ಇನ್ನೊಂದನ್ನು ಹೇರಿದ ಹಾಗೆ.

ಕೇಳುವವರ ಪಾಲೂ ಇಲ್ಲಿ ದೊಡ್ಡದು. 2017ರಲ್ಲಿ ನೋವಾ ಸ್ಯಾಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ನಮ್ಮ ಪ್ರತಿಯೊಬ್ಬ ಶಿಕ್ಷಕರಿಗೂ ವಿವರಿಸಬೇಕು ಎಂದು ನನಗೆ ಅನ್ನಿಸುತ್ತದೆ. ಆಟಿಸಂ ಇರುವವರ ಮತ್ತು ಇಲ್ಲದವರ ಕಿರು ತುಣುಕುಗಳನ್ನು ಅಪರಿಚಿತರಿಗೆ ಕೊಟ್ಟು, ಇವರ ಜೊತೆ ಮಾತಾಡಲು, ಪಕ್ಕದಲ್ಲಿ ಕೂರಲು ಇಷ್ಟವಾ ಎಂದು ಕೇಳಿದರು. ವಿಡಿಯೊ ನೋಡಿದವರು, ಬರೀ ದನಿ ಕೇಳಿದವರು, ಬರೀ ಚಿತ್ರ ನೋಡಿದವರು ಎಲ್ಲರೂ ಆಟಿಸಂ ಇರುವವರನ್ನು ಕೆಲವೇ ಕ್ಷಣಗಳಲ್ಲಿ ಬದಿಗೆ ಸರಿಸಿದರು. ಅವರು ಆಡಿದ್ದೇ ಮಾತುಗಳನ್ನು ಕಾಗದದ ಮೇಲೆ ಬರೆದು ಕೊಟ್ಟಾಗ ಆ ಪೂರ್ವಗ್ರಹ ಮಾಯವಾಯಿತು. ಹೇಳಿದ್ದರಲ್ಲಿ ಕೊರತೆ ಇರಲಿಲ್ಲ, ಹೇಳಿದ ರೀತಿಗೆ ಶಿಕ್ಷೆ ಸಿಕ್ಕಿತ್ತು. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲೇ ಹೇಳಿದ್ದು ಇದನ್ನು: ಅರ್ಥವಾಗದಿರುವುದು ಎರಡೂ ಕಡೆಯದು, ದೋಷ ಮಾತ್ರ ಒಂದೇ ಕಡೆಗೆ ಬೀಳುತ್ತದೆ. ಮುಂದೆ 2020ರಲ್ಲಿ ಎಡಿನ್‌ಬರೋದಲ್ಲಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಪ್ರಯೋಗ ಮಾಡಿದರು. ಆಟಿಸಂ ಇರುವವರದ್ದೇ ಸಾಲಿನಲ್ಲಿ ಕಥೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಇಬ್ಬರೂ ಬೆರೆತ ಸಾಲಿನಲ್ಲಿ ಸೋರಿಹೋಯಿತು.

ಧಾಟಿ ತಿದ್ದುವ ಅಭ್ಯಾಸವನ್ನೇ ಮುಖ್ಯ ಮಾಡಿಕೊಂಡ ಥೆರಪಿಯ ಬಗ್ಗೆ ನನಗೆ ಆತಂಕವಿರುವುದು ಇದರಿಂದಲೇ. ಬೆಳೆದ ಮೇಲೆ ತಮ್ಮ ಸಹಜ ರೀತಿಯನ್ನು ಸದಾ ಮುಚ್ಚಿಟ್ಟುಕೊಂಡು ಬದುಕುವ ಆಟಿಸಂ ಇರುವವರಲ್ಲಿ ಆತಂಕ, ಖಿನ್ನತೆ ಹೆಚ್ಚು ಕಾಣುತ್ತದೆ. ಮಗು ತಾನಾಗಿ ಕೇಳಿದರೆ, ನಾಟಕವಾಡುತ್ತ ದನಿಯ ಆಟ ಕಲಿಯಲು ಇಷ್ಟಪಟ್ಟರೆ ಧಾರಾಳವಾಗಿ ಕಲಿಸಬಹುದು. ದಿನವಿಡೀ ತಿದ್ದುವುದು ಬೇರೆ ಮಾತು.

ಬಹುಭಾಷೆಯ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮಡಿಕೆಯಿದೆ. ಮನೆಯವರೆಲ್ಲ “ಆಸ್ರಿಗೆ ಎಂತ ಬೇಕು” (ಕುಡಿಯಲು ಏನು ಬೇಕು) ಎನ್ನುವಾಗ ಮಗು ಮಾತ್ರ “ನನಗೆ ನೀರು ಬೇಕು” ಎಂದು ಪುಸ್ತಕದ ಕನ್ನಡದಲ್ಲಿ, ಅಥವಾ ಯೂಟ್ಯೂಬಿನಿಂದ ಕಲಿತ ಇಂಗ್ಲಿಷಿನಲ್ಲಿ ಹೇಳಿದರೆ ಅಜ್ಜಿಗೆ ಅದು ಪರಕೀಯತೆ ಅನ್ನಿಸುತ್ತದೆ. ಇದು ಇಲ್ಲಿ ಮಾತ್ರ ಆಗುವುದಲ್ಲ. ಜಪಾನಿನ ಉತ್ತರದ ಅಓಮೊರಿ ಪ್ರಾಂತದಲ್ಲಿ “ಆಟಿಸಂ ಇರುವ ಮಕ್ಕಳು ನಮ್ಮ ತ್ಸುಗಾರು ಆಡುಮಾತು ಆಡುವುದಿಲ್ಲ” ಎಂದು ಜನ ಹೇಳುತ್ತಿದ್ದರು. ಸಂಶೋಧಕರು ವಿಚಾರಿಸಿ ನೋಡಿದಾಗ ದೇಶದ ಬೇರೆ ಕಡೆಗಳ ವಿಶೇಷ ಶಿಕ್ಷಕರೂ ಅದನ್ನೇ ಗಮನಿಸಿದ್ದರು. ಆಡುಮಾತನ್ನು ಮಕ್ಕಳು ಕಲಿಯುವುದು ಮುಖ ನೋಡಿ, ಸಲಿಗೆಯಲ್ಲಿ ಬೆರೆತು. ಪರದೆಯ ಭಾಷೆ ಸಲ ಸಲವೂ ಒಂದೇ ರೀತಿ ಕೇಳುತ್ತದೆ, ಆದ್ದರಿಂದ ಅದು ಹಿಡಿಯಲು ಸುಲಭ ಎಂಬುದು ಅಲ್ಲಿಯ ವಿವರಣೆಗಳಲ್ಲಿ ಒಂದು. ಪುಸ್ತಕದ ಕನ್ನಡ ಆಡುವ ಮಗು ಮನೆಯವರನ್ನು ದೂರ ಇಡುತ್ತಿಲ್ಲ.

ಇಂಥ ಮನೆಗಳಿಗೆ “ಕೊಂಕಣಿ ಬಿಡಿ, ಒಂದೇ ಭಾಷೆ ಮಾತಾಡಿ, ಇಲ್ಲವಾದರೆ ಮಗುವಿಗೆ ಗೊಂದಲ” ಎಂಬ ಸಲಹೆ ಈಗಲೂ ಸಿಗುತ್ತದೆ. ಇದಕ್ಕೆ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಇರುವ ಮಕ್ಕಳ ಭಾಷೆ ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿದ್ದನ್ನು ಅಧ್ಯಯನಗಳು ಕಂಡಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ನಾನು ಮೇಲೆ ಹೇಳಿದ ಕಾರ್ಡಿನ ಆಟದ ಕಂಪ್ಯೂಟರ್ ರೂಪವನ್ನು ಕೊಟ್ಟಾಗ, ನಿಯಮ ಹೊರಳಿಸುವುದರಲ್ಲಿ ಎರಡು ಭಾಷೆಯ ಆಟಿಸಂ ಮಕ್ಕಳೇ ಮುಂದಿದ್ದರು. ದಿನನಿತ್ಯದ ನಡವಳಿಕೆಯ ಬಗ್ಗೆ ಪೋಷಕರು ಕೊಟ್ಟ ವಿವರದಲ್ಲಿ ಆ ಲಾಭ ಕಾಣಲಿಲ್ಲ, ಹಾಗಾಗಿ ಹೆಚ್ಚು ಹಿಗ್ಗಬೇಕಿಲ್ಲ. ಆದರೆ ತಾಯಿ ತನಗೆ ಸಹಜವಲ್ಲದ ಭಾಷೆಯಲ್ಲಿ ಮಗುವಿನೊಡನೆ ತಡವರಿಸುವುದಕ್ಕಿಂತ ಕೊಂಕಣಿಯಲ್ಲೇ ಮುದ್ದು ಮಾಡುವುದು ಒಳ್ಳೆಯದು. ಧಾಟಿಯ ಮೊದಲ ಪಾಠ ಸಿಗುವುದು ಆ ಮುದ್ದಿನಲ್ಲೇ.

ಎಷ್ಟು ಮಕ್ಕಳ ವಿಷಯ ಇದು? 2018ರಲ್ಲಿ ಪ್ರಕಟವಾದ ದೇಶದ ದೊಡ್ಡ ಅಧ್ಯಯನವೊಂದು ಐದು ಪ್ರದೇಶಗಳನ್ನು ಆರಿಸಿಕೊಂಡಿತ್ತು. ಅವುಗಳಲ್ಲಿ ಒಂದು ನಮ್ಮ ಮಗ್ಗುಲಿನ ಗೋವಾ ರಾಜ್ಯದ ಉತ್ತರ ಗೋವಾ. 2ರಿಂದ 9 ವರ್ಷದ ಮಕ್ಕಳಲ್ಲಿ ಆಟಿಸಂ ನೂರಕ್ಕೆ ಒಬ್ಬರ ಆಸುಪಾಸು ಕಂಡಿತು. 2011ರ ಜನಗಣತಿಯಲ್ಲಿ ಹದಿನಾಲ್ಕು ಲಕ್ಷ ದಾಟಿದ್ದ ನಮ್ಮ ಜಿಲ್ಲೆಯಲ್ಲಿ ಅಂಥ ಮಕ್ಕಳು ಬೆರಳೆಣಿಕೆಯಷ್ಟಿರಲು ಸಾಧ್ಯವಿಲ್ಲ. ಆದರೆ ವಾರಕ್ಕೊಮ್ಮೆ ಥೆರಪಿಗೆಂದು ಶಿರಸಿಯಿಂದ ನೂರು ಕಿಲೋಮೀಟರ್ ಆಚೆಯ ಹುಬ್ಬಳ್ಳಿಗೋ, ಭಟ್ಕಳದಿಂದ ಉಡುಪಿ, ಮಣಿಪಾಲಕ್ಕೋ ಮಗುವನ್ನು ಕರೆದೊಯ್ಯುವುದು ಕೂಲಿ ಬಿಟ್ಟು ಹೋಗುವ ಮನೆಗೆ ಎಷ್ಟು ದಿನ ಸಾಧ್ಯ? ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ದಣಿದ ಮಗುವಿನ ದನಿಯನ್ನು ಅಲ್ಲಿ ಪರೀಕ್ಷಿಸುತ್ತಾರೆ ಎನ್ನುವುದೂ ಯೋಚಿಸಬೇಕಾದ್ದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರಬೇಕು, ಅಲ್ಲಿ ಗುರುತಿಸಿದ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರ ನೋಡಿಕೊಳ್ಳಬೇಕು ಎಂಬುದು ಯೋಜನೆ. ಹನ್ನೆರಡು ತಾಲ್ಲೂಕಿನ, ಅರ್ಧ ಘಟ್ಟದ ಮೇಲೆ ಅರ್ಧ ಕೆಳಗೆ ಇರುವ ಜಿಲ್ಲೆಗೆ ಒಂದು ಕೇಂದ್ರ ಸಾಲದು. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ಸ್ಪೀಚ್ ಥೆರಪಿಸ್ಟ್ ಸಿಗುವಂತಾಗಬೇಕು ಎಂದು ಜನಪ್ರತಿನಿಧಿಗಳನ್ನು ಕೇಳಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಇವಕ್ಕೆ ಅದರ 17ನೇ ಕಲಂನಲ್ಲಿ ಅವಕಾಶವಿದೆ. ಇಂಥ ಮಕ್ಕಳಿಗೂ ಸಿಗುವ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ಚಿಕಿತ್ಸೆ, ಥೆರಪಿಯ ವೆಚ್ಚ ಕೇಳಬಹುದು. ಇದಕ್ಕೆಲ್ಲ ವಿಕಲಚೇತನರ ಪ್ರಮಾಣಪತ್ರ ಬೇಕು, ಅದನ್ನು ಮಾಡಿಸಲು ಹಿಂಜರಿಯಬೇಡಿ.

ಶಾಲೆಯಲ್ಲಿ ಭಾರ ಇಳಿಸಲು ದುಡ್ಡು ಬೇಕಿಲ್ಲ. ಪ್ರಶ್ನೆ ಕೇಳಿ ಕೂಡಲೇ ಮತ್ತೆ ಕೇಳದೆ ಹತ್ತು ಎಣಿಸುವಷ್ಟು ಕಾಯುವುದು, ಮೂರು ಸೂಚನೆಗಳನ್ನು ಒಂದೇ ಉಸಿರಿನಲ್ಲಿ ಹೇಳದೆ ಒಂದೊಂದಾಗಿ ಹೇಳುವುದು, ದಿನದ ಕ್ರಮವನ್ನು ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸುವುದು, ಪ್ರಾರ್ಥನೆಯ ಬದಲು ಇವತ್ತು ಡ್ರಿಲ್ ಎಂದು ಮುಂಚೆಯೇ ತಿಳಿಸುವುದು. “ರಜೆಯಲ್ಲಿ ಏನು ಮಾಡಿದೆ” ಎನ್ನುವ ಬದಲು “ಅಜ್ಜಿಮನೆಗೆ ಹೋಗಿದ್ಯಾ” ಎಂದು ಕೇಳಿದರೆ ಅರ್ಧ ಕೆಲಸ ಇಳಿಯಿತು. ಬೇರೆ ಮಕ್ಕಳು ಅವನ ಧಾಟಿಯನ್ನು ಅಣಕಿಸಿದರೆ ತಡೆಯಬೇಕಾದವರು ಅಕ್ಕೋರು, ಮಾಸ್ತರು.

ಮನೆಯವರಿಗೆ ಒಂದು ಕೆಲಸವಿದೆ. ಥೆರಪಿಸ್ಟರನ್ನು ಕಾಣುವ ಮೊದಲು ಮಗುವಿನ ಮಾತನ್ನು ಮೊಬೈಲಿನಲ್ಲಿ ಎರಡು ಸಂದರ್ಭಗಳಲ್ಲಿ ಮುದ್ರಿಸಿಕೊಳ್ಳಿ. ಒಂದು, ಅದಕ್ಕೆ ಪ್ರಿಯವಾದ ವಿಷಯವನ್ನು ಮನೆಮಾತಿನಲ್ಲಿ, ಗಡಿಬಿಡಿಯಿಲ್ಲದೆ ಹೇಳುವಾಗ. ಇನ್ನೊಂದು, ಶಾಲೆಯಿಂದ ಬಂದ ಕೂಡಲೇ, ಅಥವಾ ನೆಂಟರ ಎದುರು. ಯಾವ ಭಾಷೆ, ಎದುರಿಗೆ ಯಾರಿದ್ದರು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದು ಪಕ್ಕದಲ್ಲಿ ಬರೆದಿಡಿ. ಎರಡರಲ್ಲೂ ದನಿ ಒಂದೇ ಥರ ಇದ್ದರೆ ಥೆರಪಿಸ್ಟರು ಹುಡುಕುವುದು ಒಂದು ದಾರಿ. ಎರಡೂ ಬೇರೆ ಬೇರೆ ಇದ್ದರೆ, ಮೊದಲು ಕೇಳಬೇಕಾದ್ದು ಆ ಎರಡನೇ ಸಂದರ್ಭದಲ್ಲಿ ಏನನ್ನು ಕಡಿಮೆ ಮಾಡಬಹುದು ಎಂದು.